ಪಾಲಿನ ಬಾಲ

ಮಾಲ್ದಾರೆ ಕಡೆಯ ರಸ್ತೆಯಲ್ಲಿ ಮೂರು ಆನೆ, ಒಂದು ಮರಿ.
ವ್ಯಾನು ಬರುವುದಿಲ್ಲವೆಂದು ಏಳೂವರೆಗೆ ಮೆಸೇಜು.
ಪೂವಿ ಶೂ ಬಿಚ್ಚಲಿಲ್ಲ. ಶೂ ಹಾಕಿಕೊಂಡೇ
ಅಡುಗೆಮನೆಯ ಮಣೆಯ ಮೇಲೆ ಕೂತಳು.
ನಾನು ತಟ್ಟೆಯಲ್ಲಿ ಅಕ್ಕಿಹಿಟ್ಟು ಹರಡಿದೆ.

ಆ ಆನೆ, ಅಂದಳು, ಶಾಲೆಯ ರಾಗದಲ್ಲಿ.
ಆನೆ ಎಲ್ಲಿ ಆ ಅನ್ನುತ್ತದೆ ಮಗಳೇ?
ರಾತ್ರಿ ಕೇಳಿದೆಯಲ್ಲ, ಬೈನೆ ಮರ ಸೀಳುವಾಗ
ಪಟ್. ಆಮೇಲೆ ಏನೂ ಇಲ್ಲ. ಆಮೇಲೆ ನಾಯಿ.
ಹೆಸರು ಬೇಡ, ಸದ್ದು ಹೇಳು.
ಆ ಅಂದರೆ ಡಾಕ್ಟರು ಟಾರ್ಚು ಹಿಡಿದಾಗಿನ ಬಾಯಿ,
ಅಷ್ಟೇ.

ನಾನು ಕಲಿತದ್ದು ಹೀಗಲ್ಲ.
ಕ ಕಾ ಕಿ ಕೀ ಎಂದು ಬೆಂಚು ಬಡಿಯುತ್ತ
ಮೂವತ್ತು ಜನ ಒಂದೇ ಉಸಿರಲ್ಲಿ ಓಡಿ
ಕಃ ಬರುವಷ್ಟರಲ್ಲಿ ಗಂಟೆ ಹೊಡೆದು,
ಮೂರನೇ ಕ್ಲಾಸಿನವರೆಗೂ ನನಗೆ
ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ.
ಬಣ್ಣ ನೋಡಿ ಹತ್ತುತ್ತಿದ್ದೆ.
ಒಮ್ಮೆ ಕುಟ್ಟಕ್ಕೆ ಹೋಗಿಬಿಟ್ಟಿದ್ದೆ.

ಅದಕ್ಕೇ ಈಗ ಮನೆಯಲ್ಲೆಲ್ಲ ಸದ್ದು ಹುಡುಕುತ್ತೇವೆ.
ಕುಕ್ಕರಿನಲ್ಲಿ ಸ್, ಪಲ್ಪರಿನಲ್ಲಿ ರ್,
ಕಣದಲ್ಲಿ ಕಾಫಿ ಎಳೆಯುವ ಹಲಗೆಯಲ್ಲಿ
ಉದ್ದನೆಯ ಒಂದು ಶ್.
ಳ ಮಾತ್ರ ಎಲ್ಲೂ ಸಿಗಲಿಲ್ಲ. ಕನ್ನಡಿ ತಂದು
ನಾಲಿಗೆ ಮಡಚಿ ತೋರಿಸಿದೆ. ಅವಳೂ ಮಡಚಿದಳು,
ಬೆಲ್ಲದ ಚೂರು ಕೆಳಗೆ ಬಿತ್ತು.

ಒಟ್ಟಿ ತಟ್ಟುವಾಗ ಒತ್ತಕ್ಷರ.
ಟ್ ಅಂತ ನಿಲ್ಲು. ಬಾಗಿಲು ಹಾಕಿದೆ, ಚಿಲಕ ಬಿಡಬೇಡ.
ಈಗ ತೆಗೆ.
ಒ. ಟ್.
ಟಿ.
ಒಟ್ಟಿ! ಎಂದು ತಾನೇ ಬೆಚ್ಚಿ
ಕಾವಲಿಯ ಮೇಲೆ ಉಬ್ಬುತ್ತಿದ್ದುದರ ಕಡೆ ನೋಡಿದಳು,
ಅದಕ್ಕೂ ಕೇಳಿಸಿತೋ ಎಂಬಂತೆ.

ಆಮೇಲೆ, ಪಾಲ್ ಬರಿ, ಅಂದಳು.

ಹಾಲು ಅವಳಿಗೆ ಬರುತ್ತಿತ್ತು. ಅದು ಶಾಲೆಯ ಹಾಲು.
ಇದು ನಾವು ಕುಡಿಯುವುದು.
ಬರೆದೆ: ಪಾಲು.
ಓದಿ ತಲೆಯಾಡಿಸಿದಳು. ಪಾಲು ಅಂದರೆ
ದೊಡ್ಡಪ್ಪ ಹಗ್ಗ ಹಿಡಿದು ತೋಟ ಅಳೆದದ್ದು.
ಅದಕ್ಕೆ ತುಟಿ ಉಂಡೆಯಾಗುತ್ತದೆ. ಇದಕ್ಕೆ ಆಗಲ್ಲ.
ಕೊಂಬು ಒರೆಸಿದೆ. ಪಾಲ್.
ಓದಿದಳು, ಕತ್ತಿಯಲ್ಲಿ ಕಡಿದಂತೆ. ಇಲ್ಲ ಅವ್ವ,
ಕೊನೆಗೆ ಇನ್ನೂ ಒಂದಿದೆ. ಬಾಲ.
ನೀನು ಹೇಳು.

ಹೇಳಿದೆ. ಮೂವತ್ತಾರು ವರ್ಷ ಹೇಳಿದ ಮಾತು.
ಅವಳು ನನ್ನ ತುಟಿಗೆ ಹಿಟ್ಟಿನ ಬೆರಳಿಟ್ಟಿದ್ದಳು.
ತುಟಿ ಅಲ್ಲಾಡಲಿಲ್ಲ. ಆದರೂ ಲಕಾರದ ಹಿಂದೆ
ಏನೋ ಒಂದು, ಉ ಅಲ್ಲ, ಇ ಅಲ್ಲ,
ಎದ್ದು ಹೋದವರು ಕೂತ ಜಾಗದ ಬಿಸಿಯಷ್ಟು.
ನೀರ್. ಕೂಳ್. ನಾಡ್.
ಎಲ್ಲದಕ್ಕೂ ಇತ್ತು.

ಸ್ವರಗಳ ಸಾಲಿನಲ್ಲಿ ಅ ಇಂದ ಔ ತನಕ ಹೋಗಿ ಬಂದೆ.
ಯಾವುದೂ ಅದು ನನ್ನದು ಅನ್ನಲಿಲ್ಲ.
ಎಲ್ಲೋ ಯಾರೋ ಇದಕ್ಕೊಂದು ಗುರುತು ಮಾಡಿರಬಹುದು,
ಯಾವುದೋ ಪುಸ್ತಕದಲ್ಲಿ.
ನಮ್ಮ ಅಡುಗೆಮನೆಗೆ ಬಂದಿಲ್ಲ.

ಅವಳು ಕಾಯಲಿಲ್ಲ. ಶೂ ಟಪಟಪ ಕಣಕ್ಕೆ ಓಡಿ
ಒಂದು ಒಣಗಿದ ಕಾಫಿ ಬೀಜ ತಂದು
ಲ್ ಪಕ್ಕ ಹಿಟ್ಟಿನಲ್ಲಿ ಒತ್ತಿದಳು.

ಮಧ್ಯಾಹ್ನ ತೂಕದ ಪುಸ್ತಕ ಕಂಕುಳಲ್ಲಿಟ್ಟು
ಅವಳಪ್ಪ ಬಂದ. ಓದು, ಅಂದಳು.
ಓದಿದ, ಬೀಜವನ್ನೂ ಸೇರಿಸಿ, ಸರಿಯಾಗಿ.
ಇದರಲ್ಲೇನು ಎಂಬಂತೆ ನನ್ನ ಮುಖ ನೋಡಿ
ಕೈ ತೊಳೆಯಲು ಹೋದ.

ನಾಳೆ ವ್ಯಾನು ಬರುತ್ತದೆಯಂತೆ.
ಬ್ಯಾಗು ತುಂಬುವಾಗ ನೋಡಿದೆ, ಕಾಪಿ ಪುಸ್ತಕದ ತುಂಬ
ಸಣ್ಣ ಸಣ್ಣ ಸೊನ್ನೆ, ನಡುವೆ ಒಂದು ಗೀರು,
ಬೀಜದ್ದೇ ಆಕಾರ, ಮಾತು ಮಾತಿನ ಕೊನೆಗೆ.
ಟೀಚರದು ಕೆಂಪು ಪೆನ್ನು.
ರಬ್ಬರು ತೆಗೆದುಕೊಂಡು ದೀಪದ ಕೆಳಗೆ ಕೂತೆ.
ಒಂದನ್ನೂ ಮುಟ್ಟಲಿಲ್ಲ, ಎದ್ದೂ ಹೋಗಲಿಲ್ಲ.
ರಬ್ಬರು ಕೈಯಲ್ಲೇ ಬೆಚ್ಚಗಾಯಿತು.